ಬೆನ್ನ ಮೇಲಿನ ಉಪ್ಪಿನ ಗೆರೆ

ಮರುಭೂಮಿಯಲ್ಲಿ ಇಳಿದ ಮೊದಲ ವಾರ ನಾನು ನಮ್ಮ ಸೇನಾ ತುಕಡಿಯ ಹುಡುಗರ ಮುಖಕ್ಕಿಂತ ಅವರ ಬೆನ್ನನ್ನೇ ಹೆಚ್ಚು ನೋಡಿದ್ದು. ಅಲ್ಲಿ ಬೆವರು ಕಣ್ಣಿಗೆ ಬೀಳುವುದಿಲ್ಲ. ಚರ್ಮದಿಂದ ಹೊರಬಿದ್ದ ಕೂಡಲೇ ಒಣಗಾಳಿ ಹೀರಿಬಿಡುತ್ತದೆ. "ನಂಗೆ ಬೆವರೇ ಬರ್ತಿಲ್ಲ ಅಣ್ಣಾ, ಇಷ್ಟೊಂದು ನೀರು ಯಾಕೆ ಕುಡೀಬೇಕು?" ಎಂದು ಕೇಳಿದವರಿದ್ದರು. ಅಂಥವರಿಗೆ ಅಂಗಿ ಬಿಚ್ಚಿಸಿ ಅದರ ಬೆನ್ನು ತೋರಿಸುತ್ತಿದ್ದೆ. ಭುಜದಿಂದ ಸೊಂಟದವರೆಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು.

ದೇಹ ಅಂಥ ಬಿಸಿಲಿಗೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆದರೆ ಉಪ್ಪನ್ನು ಮೊದಲಿನಷ್ಟು ಬಿಟ್ಟುಕೊಡುವುದಿಲ್ಲ. ದಿನ ಕಳೆದಂತೆ ಗೆರೆ ತೆಳುವಾಗುತ್ತಾ ಬಂದರೆ ತುಕಡಿಯ ನರ್ಸಿಂಗ್ ಅಸಿಸ್ಟೆಂಟ್ ಆದ ನನಗೆ ಅಷ್ಟೇ ನೆಮ್ಮದಿ. ಆದರೆ ಕೆಲಸ ಎರಡು ವಾರ ಕಾಯುವುದಿಲ್ಲವಲ್ಲ.

ಏಳನೇ ದಿನ ಬೆಳಗಿನ ಜಾವ ಗಸ್ತು ಹೊರಟಿತು. ಒಂಬತ್ತಕ್ಕೆ ಮುಗಿಸಿ ವಾಪಸಾಗುವುದೆಂದು ಲೆಕ್ಕ. ಒಂದು ಗಾಡಿ ಮರಳಿನಲ್ಲಿ ಹೂತು, ಅಗೆದು ತೆಗೆಯುವಷ್ಟರಲ್ಲಿ ಹನ್ನೊಂದಾಯಿತು. ಗಾಳಿಯ ಉಷ್ಣತೆ 44 ಡಿಗ್ರಿ. ನಮ್ಮ ಬಳಿ ಡಬ್ಲ್ಯೂಬಿಜಿಟಿ ಮೀಟರ್ ಇತ್ತು. ಬಿಸಿಲಿಗೆ ಸೈನಿಕರು ಬಲಿಯಾಗುವುದನ್ನು ತಡೆಯಲೆಂದು 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಿಗಾಗಿ ರೂಪಿಸಿದ ಅಳತೆ ಅದು. ಗಾಳಿಯ ಬಿಸಿಯ ಜೊತೆಗೆ ತೇವ, ಗಾಳಿಯ ಬೀಸು, ನೇರ ಬಿಸಿಲಿನ ಝಳ ಎಲ್ಲವನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಅಂದು ತೋರಿಸಿದ್ದು 31. ಒಣನಾಡಿನಲ್ಲಿ ಈ ಅಂಕಿ ಸಣ್ಣದಾಗಿ ಕಂಡು ಮೋಸ ಮಾಡುತ್ತದೆ. ಗುಂಡುನಿರೋಧಕ ಜಾಕೆಟ್ ತೊಟ್ಟವನಿಗೆ ಇನ್ನೂ ಮೂರು ಡಿಗ್ರಿ ಸೇರಿಸಿಕೊಂಡೇ ಲೆಕ್ಕ ಹಾಕಬೇಕು. ಆ ಲೆಕ್ಕದ ಪ್ರಕಾರ ಅವರು ಸಲಿಕೆ ಹಿಡಿಯಲೇಬಾರದಿತ್ತು.

ತುಕಡಿಯಲ್ಲೇ ಚುರುಕಾದ ಓಟಗಾರನೊಬ್ಬ ಸಲಿಕೆ ಕೆಳಗಿಟ್ಟು, "ನನ್ನ ಬೂಟು ಯಾರು ತಗೊಂಡ್ರು?" ಎಂದ. ಬೂಟು ಅವನ ಕಾಲಲ್ಲೇ ಇತ್ತು. ಪಕ್ಕದವರು ನಕ್ಕರು. ನನ್ನ ಎದೆ ಧಸಕ್ಕೆಂದಿತು. ಬಿಸಿಲಲ್ಲಿ ದುಡಿಯುತ್ತಿರುವವನ ಮಾತು ತಪ್ಪಿದರೆ, ಬೇರೇನೆಂದು ತಿಳಿಯುವವರೆಗೆ ಅದನ್ನು ಹೀಟ್ ಸ್ಟ್ರೋಕ್ ಎಂದೇ ಹಿಡಿಯಬೇಕು. ಹತ್ತಿರ ಹೋಗುವಷ್ಟರಲ್ಲಿ ಮೊಣಕಾಲೂರಿ ಕುಸಿದ. ಜಾಕೆಟ್ ಕಿತ್ತೆಸೆದರೆ ಒಳಗೆ ಮೈಯೆಲ್ಲ ಒದ್ದೆ. ಹೀಟ್ ಸ್ಟ್ರೋಕ್ ಆದವನ ಚರ್ಮ ಒಣಗಿರುತ್ತದೆ ಎಂದು ನಂಬಿ ಕೂತವರು ಇಂಥ ಹುಡುಗರನ್ನು ಕಳೆದುಕೊಳ್ಳುತ್ತಾರೆ. ಕಷ್ಟದ ಕೆಲಸದಲ್ಲಿ ಬಿದ್ದವನು ಬೆವರುತ್ತಲೇ ಇರಬಹುದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೆ. 41.4.

"ಗಾಡಿಗೆ ಹಾಕು, ಆಸ್ಪತ್ರೆಗೆ ನಲವತ್ತು ನಿಮಿಷ" ಎಂದರು ಗಸ್ತಿನ ಹವಾಲ್ದಾರ್.

"ಇಲ್ಲ ಸಾರ್, ಅಷ್ಟರಲ್ಲಿ ಕೈ ಮೀರುತ್ತೆ. ಇಲ್ಲೇ ತಂಪು ಮಾಡ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು. ಮೊದಲು ತಂಪು, ಆಮೇಲೆ ಸಾಗಾಟ ಎಂದು ಕಲಿತಿದ್ದೆ, ನಿಜ. ಆದರೆ ಉಸಿರು ಎಳೆಯುತ್ತಿರುವವನನ್ನು ಎದುರಿಗಿಟ್ಟುಕೊಂಡು ಹಿರಿಯರಿಗೆ ಇಲ್ಲ ಎನ್ನುವುದು ಬೇರೆಯೇ. ರೇಡಿಯೋದಲ್ಲಿ ವೈದ್ಯಾಧಿಕಾರಿಗಳು "ಅವನು ಹೇಳಿದ ಹಾಗೆ ಮಾಡಿ" ಎಂದ ಮೇಲೆ ಎಲ್ಲರೂ ಕೈ ಹಾಕಿದರು. ಗಾಡಿಯ ಟಾರ್ಪಾಲು ಬಿಚ್ಚಿ ಅವನನ್ನು ಮಲಗಿಸಿದೆವು. ಆರು ಜನ ಅಂಚು ಎತ್ತಿ ಹಿಡಿದು ತೊಟ್ಟಿಲಿನಂತೆ ಮಾಡಿದರು. ಇದ್ದ ನೀರು, ಐಸ್‌ಬಾಕ್ಸಿನ ಮಂಜುಗಡ್ಡೆ ಎಲ್ಲವನ್ನೂ ಅದಕ್ಕೆ ಸುರಿದು, ಎಡಕ್ಕೂ ಬಲಕ್ಕೂ ತೂಗುತ್ತಾ ನೀರು ಮೈಮೇಲೆ ಹರಿಯುವಂತೆ ನೋಡಿಕೊಂಡೆವು. ಯಾರೋ ಪ್ಯಾರಸಿಟಮಾಲ್ ಚಾಚಿದರು. ಈ ಬಿಸಿಗೆ ಅದು ಕೆಲಸ ಮಾಡುವುದಿಲ್ಲ, ಜ್ಞಾನ ತಪ್ಪಿದವನ ಬಾಯಿಗೆ ಏನನ್ನೂ ಹಾಕಲೂಬಾರದು. ಅವನ ತಲೆಯನ್ನು ನನ್ನ ತೊಡೆಯ ಮೇಲೆ ಎತ್ತಿ ಹಿಡಿದು, ಐದೈದು ನಿಮಿಷಕ್ಕೆ ಅಂಕಿ ಕೂಗುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ 38.9. "ಚಳಿ" ಎಂದ. ಆ ಒಂದು ಮಾತು ಕೇಳಿ ಟಾರ್ಪಾಲು ಹಿಡಿದಿದ್ದವರಲ್ಲಿ ಇಬ್ಬರು ಅತ್ತುಬಿಟ್ಟರು.

ಆಮೇಲೆ ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಪಕ್ಕ ಕೂತಾಗ ನಿಜ ಹೊರಬಂತು. ಎರಡು ದಿನದಿಂದ ಭೇದಿ. ನಿದ್ದೆ ಇರಲಿಲ್ಲ. "ಬೆಳಿಗ್ಗೆ ಸಾಲಲ್ಲಿ ಕೇಳಿದ್ನಲ್ಲೋ, ಯಾಕೆ ಹೇಳ್ಲಿಲ್ಲ?" ಎಂದೆ.

"ಎಲ್ರ ಮುಂದೆ ಹೇಗೆ ಅಣ್ಣಾ ಕೈ ಎತ್ತೋದು?"

ನಾನು ಹಾಗೇ ಕೇಳಿದ್ದೆ. ಎಂಬತ್ತು ಜನ ಎದೆಯುಬ್ಬಿಸಿ ನಿಂತಿರುವಾಗ "ಯಾರಿಗಾದ್ರೂ ಹುಷಾರಿಲ್ವಾ?" ಎಂದು. ಓಟದಲ್ಲಿ ಮೊದಲು ಬರುವವನು ಭೇದಿಯೆಂದು ಕೈ ಎತ್ತುತ್ತಾನೆಯೇ? ಆ ಪ್ರಶ್ನೆಯನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ.

ಮಾರನೇ ದಿನದಿಂದ ಸಾಲಿನಲ್ಲಿ ಕೇಳುವುದನ್ನು ಬಿಟ್ಟೆ. ನಸುಕಿನಲ್ಲಿ ಶೌಚಾಲಯದ ಪಕ್ಕದ ಕೈತೊಳೆಯುವ ಡ್ರಮ್ಮಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ತಗ್ಗಿದ ದನಿಯಲ್ಲಿ ಮಾತಾಡಿಸಿದೆ. ಎಷ್ಟು ಸಲ ಹೋದೆ, ಮೂತ್ರದ ಬಣ್ಣ ಹೇಗಿದೆ, ನಿದ್ದೆ ಬಂತಾ. ಮೂರು ದಿನದಲ್ಲಿ ಹನ್ನೊಂದು ಜನರ ಭೇದಿ ಗೊತ್ತಾಯಿತು. ಕಾರಣವೂ ಅಲ್ಲೇ ಪಕ್ಕದಲ್ಲಿತ್ತು. ಡ್ರಮ್ಮಿನ ನಲ್ಲಿ ಸೋರಿ ಸಂಜೆಯ ಹೊತ್ತಿಗೆ ನೀರು ಖಾಲಿ. ಕತ್ತಲಾದ ಮೇಲೆ ಹೋದವರು ಕೈ ತೊಳೆಯದೆ ನೇರ ಊಟಕ್ಕೆ ಹೋಗುತ್ತಿದ್ದರು. ಹಗಲಲ್ಲಿ ನೊಣ. ಕುಡಿಯುವ ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕಿ ದಿನಕ್ಕೆರಡು ಸಲ ಪರೀಕ್ಷಿಸುತ್ತಿದ್ದ ನಾನು ಆ ಡ್ರಮ್ಮನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ನಲ್ಲಿಯ ವಾಷರ್ ಬದಲಿಸಲು ಹತ್ತು ನಿಮಿಷ ಸಾಕಾಯಿತು.

ಆ ಹುಡುಗನನ್ನು ಗಸ್ತಿಗೆ ಕಳಿಸಲಿಲ್ಲ. ಒಮ್ಮೆ ಹೀಟ್ ಸ್ಟ್ರೋಕ್ ಆದವನನ್ನು ವಾರಗಟ್ಟಲೆ ನಿಧಾನವಾಗಿಯೇ ಕೆಲಸಕ್ಕೆ ಮರಳಿಸಬೇಕು. ಅವನ ಜಾಗಕ್ಕೆ ಬಂದವನು ಇನ್ನೂ ಚಿಕ್ಕವನು, ಅಷ್ಟೇ ಹಟದವನು. ಹೊರಡುವ ದಿನ ನಾಲ್ಕೂವರೆಗೆ ಟಾರ್ಚ್ ಹಿಡಿದು ತಾನೇ ಡ್ರಮ್ಮಿನ ಹತ್ತಿರ ಬಂದ. ಆಚೀಚೆ ನೋಡಿ, "ಅಣ್ಣಾ, ರಾತ್ರಿಯಿಂದ ಮೂರು ಸಲ ಆಯ್ತು" ಎಂದ.

ಪಟ್ಟಿಯಲ್ಲಿ ಅವನ ಹೆಸರು ಹೊಡೆದುಹಾಕಿ, ಒಂದು ಲೀಟರ್ ನೀರಿಗೆ ಓಆರ್‌ಎಸ್ ಪುಡಿ ಸುರಿದು ಕಲಕತೊಡಗಿದೆ.