ಆಮೇಲೆ ಎಂತಾತು?

ತೀರ್ಥಹಳ್ಳಿ ಕಡೆಯ ಒಂದು ಊರು. ಗಣಪತಿ ಕೂರಿಸಿದ ಐದನೇ ದಿನದ ಹಾಸ್ಯ ಸಂಜೆ. ಬೆಂಗಳೂರಿನಿಂದ ಬಂದಿದ್ದ ಸ್ಟ್ಯಾಂಡಪ್ ಹುಡುಗ ಮೈಕ್ ಹಿಡಿದು ಹೇಳುತ್ತಿದ್ದ: ರಾತ್ರಿ ಹನ್ನೊಂದು ಗಂಟೆ, ಅಪಾರ್ಟ್‌ಮೆಂಟಿನ ಒಳಗೆ ಹೋಗಲು ಆ್ಯಪ್‌ನಲ್ಲಿ ಒಪ್ಪಿಗೆ ಬೇಕು, ಫೋನಿನ ಚಾರ್ಜ್ ಖಾಲಿ, ಗೇಟಿನವನು ಹೊಸಬ, ಬಿಡುತ್ತಿಲ್ಲ. ಅಷ್ಟರಲ್ಲಿ ದಾರಿಯಲ್ಲೇ ಆರ್ಡರ್ ಮಾಡಿದ್ದ ಪಿಜ್ಜಾ ಬಂತು. "ನನ್ನ ಪಿಜ್ಜಾನ ಒಳಗೆ ಬಿಟ್ಟು ನನ್ನ ಹೊರಗೇ ನಿಲ್ಲಿಸ್ಬಿಟ್ಟ ಗುರು ಆ ಸೆಕ್ಯುರಿಟಿ!"

ಹಿಂದಿನ ಸಾಲಿನ ಕಾಲೇಜು ಹುಡುಗರು ನಕ್ಕರು. ಮುಂದೆ ಕೂತಿದ್ದ ಅಜ್ಜ ಒಬ್ಬರು ಕುರ್ಚಿಯಿಂದ ಮುಂದಕ್ಕೆ ಬಾಗಿ ಕೇಳಿದರು: "ಆಮೇಲೆ ಎಂತಾತು ಮಾರಾಯ?"

"ಅಷ್ಟೇ ಅಜ್ಜ. ಜೋಕ್ ಮುಗೀತು."

"ಮುಗೀತಾ? ನೀನು ಮನೆ ಒಳಗೆ ಹೋದ್ಯಾ ಇಲ್ವಾ?"

ಆ ಹೊತ್ತಿಗೆ ಪೆಂಡಾಲು ನಕ್ಕ ಹಾಗೆ ಅಲ್ಲಿಯವರೆಗೆ ನಕ್ಕಿರಲಿಲ್ಲ. ಹುಡುಗ ಸ್ವಲ್ಪ ಪೆಚ್ಚಾಗಿ, "ಓಕೆ, ಮುಂದೆ ಹೋಗೋಣ" ಎಂದು ಟ್ರಾಫಿಕ್ ಜೋಕಿಗೆ ಹಾರಿದ.

ಆಮೇಲೆ ಊಟದ ಸಾಲಿನಲ್ಲಿ ನಾಲ್ಕಾರು ಜನ ಅಜ್ಜನ ಮೇಲೆ ಬೇಸರ ಮಾಡಿಕೊಂಡಿದ್ದರು. ಬೆಂಗಳೂರಿನಿಂದ ಕಷ್ಟಪಟ್ಟು ಬಂದ ಹುಡುಗನ ಮಾತು ಕೆಡಿಸಿದರು ಎಂದು. ನನಗೆ ಹಾಗೆ ಅನಿಸಲೇ ಇಲ್ಲ. ಆ ಪ್ರಶ್ನೆ ನಾಲ್ಕು ದಿನದಿಂದ ಕಿವಿಯಲ್ಲೇ ಇದೆ. ಹಾಸ್ಯ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಅದರೊಳಗೇ ಇತ್ತು.

ಮೊದಲನೆಯದು ಗೇಟು. ಜೋಕಿನ ಅರ್ಧ ಭಾಗವನ್ನು ಕೇಳುವವರು ಮನೆಯಿಂದಲೇ ತಂದಿರಬೇಕು. ಬೆಂಗಳೂರಿನಲ್ಲಿ ಆ ಆ್ಯಪ್‌ನ ಕಿರಿಕಿರಿ ಕಂಡವರಿಗೆ "ಒಪ್ಪಿಗೆ ಬೇಕು" ಅಂದ ತಕ್ಷಣ ಮೈ ಉರಿಯುತ್ತದೆ, ಆ ಉರಿಯೇ ನಗುವಿಗೆ ಸೌದೆ. ಇಲ್ಲಿ ಅಂಗಳದ ದಣಪೆ, ಅಂದರೆ ಅಡ್ಡ ಗಳುಗಳ ಗೇಟು, ಇರುವುದು ದನ ನುಗ್ಗದಿರಲಿ ಅಂತ. ತನ್ನ ಮನೆಗೆ ಹೋಗಲು ಇನ್ನೊಬ್ಬರನ್ನು ಕೇಳಬೇಕು ಎಂಬ ಮಾತೇ ಅಜ್ಜನಿಗೆ ಹೊಸದು. ಹೀಗಾಗಿ ಅವರಿಗೆ ಕೇಳಿಸಿದ್ದು ಜೋಕಲ್ಲ, ಸುದ್ದಿ: ಒಬ್ಬ ಹುಡುಗ ರಾತ್ರಿ ಹೊತ್ತು ಹೊರಗೆ ಸಿಕ್ಕಿಹಾಕಿಕೊಂಡಿದ್ದಾನೆ. ಅಂಥ ಸುದ್ದಿಗೆ ಮಲೆನಾಡಿನಲ್ಲಿ ಯಾರೇ ಆದರೂ ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿದರು. ಎರಡೇ ವಾಕ್ಯದಲ್ಲಿ ಇದನ್ನು ಸರಿ ಮಾಡಬಹುದಿತ್ತು. "ನಿಮ್ಮ ದಣಪೆ ತೆಗೆಯೋಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕು ಅಂದ್ರೆ ಹೆಂಗಿರುತ್ತೆ? ನಮ್ಮಲ್ಲಿ ಹಂಗೇ." ಸೌದೆ ಇಲ್ಲಿಯದೇ ಆಗುತ್ತಿತ್ತು.

ಅಮೆರಿಕದ ಸ್ಟ್ಯಾಂಡಪ್ ಹಾಸ್ಯಗಾರ ರಿಚರ್ಡ್ ಪ್ರಯರ್ ಅವರ 1979ರ ಪ್ರದರ್ಶನ ಚಿತ್ರದಲ್ಲಿ ಹೃದಯಾಘಾತದ ಒಂದು ಭಾಗವಿದೆ. ತನ್ನ ಎದೆಯೇ ತನ್ನನ್ನು ಗದರಿಸುತ್ತದೆ, ಉಸಿರಾಡಬೇಡ ಅನ್ನುತ್ತದೆ, ಅವರು ಎದೆ ಹಿಡಿದು ವೇದಿಕೆಯ ಮೇಲೆ ಕುಸಿಯುತ್ತಾರೆ. ಗದರಿಸುವವನೂ ಅವರೇ, ಬೇಡಿಕೊಳ್ಳುವವನೂ ಅವರೇ. ಇಂಗ್ಲಿಷ್ ಬಾರದವರಿಗೂ ಅದು ಮುಕ್ಕಾಲು ಪಾಲು ದಾಟುತ್ತದೆ. ಎದೆ ಎಲ್ಲರಿಗೂ ಇದೆಯಲ್ಲ, ಪೀಠಿಕೆಯೇ ಬೇಡ. ಆ ಅಜ್ಜನಿಗೆ ತೋರಿಸಿದರೂ ನಗುತ್ತಾರೆ ಅನ್ನುವ ನಂಬಿಕೆ ನನಗಿದೆ.

ಎರಡನೆಯದು ವಾಕ್ಯ. ಇದನ್ನು ಕನ್ನಡದ ಸ್ಟ್ಯಾಂಡಪ್ ಹುಡುಗರು ಕುಳಿತು ಯೋಚಿಸಬೇಕು. ನಗು ಹುಟ್ಟಿಸುವ ಪದ ವಾಕ್ಯದ ತುದಿಯಲ್ಲಿರಬೇಕು. ಅದರಾಚೆ ಒಂದಕ್ಷರ ಉಳಿದರೂ ಜನ ನಗುವುದೋ ಕೇಳುವುದೋ ಎಂದು ತಡವರಿಸುತ್ತಾರೆ. ಕನ್ನಡದಲ್ಲಿ ತುದಿಯಲ್ಲಿ ಕೂರುವುದು ಕ್ರಿಯಾಪದ. ಇದು ವರವೂ ಹೌದು, ತೊಡಕೂ ಹೌದು. ಮಾಡ್ತಾನೋ ಮಾಡಲ್ಲವೋ ಎಂಬುದು ಕೊನೆಯ ಅಕ್ಷರದವರೆಗೆ ಗುಟ್ಟಾಗಿ ಉಳಿಯುತ್ತದೆ. "ನಮ್ಮಪ್ಪ ಜೀವನದಲ್ಲಿ ಒಂದು ಸಲನೂ ನನಗೆ ಹೊಡೆದು..." ಎಂದು ಎಳೆದು, ಎಲ್ಲರೂ "ಇಲ್ಲ" ಬರುತ್ತದೆ ಎಂದು ಕಾಯುವಾಗ "...ಸುಸ್ತಾಗಿದ್ದಿಲ್ಲ" ಎಂದರೆ ಸಾಕು. ಇಂಥದ್ದು ಇಂಗ್ಲಿಷಿನಲ್ಲಿ ಇಷ್ಟು ಸಲೀಸಾಗಿ ಆಗುವುದಿಲ್ಲ, ಅಲ್ಲಿ ಇಲ್ಲ ಅನ್ನುವುದು ಮೊದಲೇ ಬಂದುಬಿಡುತ್ತದೆ. ಆದರೆ ನಗು ಒಂದು ನಾಮಪದದಲ್ಲಿದ್ದರೆ ಅದು ವಾಕ್ಯದ ನಡುವೆ ಹೂತುಹೋಗುತ್ತದೆ. ಆಗ ಕ್ರಿಯೆಯನ್ನು ಮುಂದೆ ತಂದು ಹೆಸರನ್ನು ಹಿಂದಕ್ಕೆ ದೂಡಬೇಕು: "ಹತ್ತು ನಿಮಿಷ ಆದ್ಮೇಲೆ ಗೇಟ್ ತೆಗೆದ್ರು. ಒಳಗೆ ಹೋಗಿದ್ದು... ನನ್ನ ಪಿಜ್ಜಾ." ಹುಡುಗ ಹೇಳಿದ ವಾಕ್ಯದಲ್ಲಿ ಪಿಜ್ಜಾ ಎರಡನೇ ಪದ. ಉಳಿದ ಎಂಟು ಪದಗಳು ಅದರ ಮೇಲೆ ಮಣ್ಣು ಹಾಕಿದವು. ಕೊನೆಯಲ್ಲಿ ನಿಂತದ್ದು "ಸೆಕ್ಯುರಿಟಿ", ಅದರಲ್ಲಿ ನಗುವೇ ಇಲ್ಲ.

ಒಂದು ಪದದ ಜಾಗಕ್ಕೆ ಇಷ್ಟು ಮಾತೇ ಅನಿಸಬಹುದು. ಅಮೆರಿಕದವರೇ ಆದ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಟೋಸ್ಟರ್‌ನಲ್ಲಿ ಬಿಸಿ ಮಾಡಿ ತಿನ್ನುವ ಒಂದು ಸಿಹಿತಿಂಡಿಯ ಬಗ್ಗೆ ಬರೆದ ಪುಟ್ಟ ಜೋಕಿಗೆ ಎರಡು ವರ್ಷ ತೆಗೆದುಕೊಂಡರು. ಅವರೇ ಅದನ್ನು ಬಿಡಿಸಿ ತೋರಿಸಿದ್ದಾರೆ. ಹೆಚ್ಚಿದ್ದ ಅಕ್ಷರವನ್ನೂ ಕೆತ್ತಿ ತೆಗೆಯುವ ಶ್ರದ್ಧೆ ಅದು.

ಇನ್ನು ಆ ಪೆಂಡಾಲು. ಮೇಲೆ ತಗಡಿನ ಶೀಟು, ಅದರ ಮೇಲೆ ಭಾದ್ರಪದದ ಮಳೆ. ತಗಡಿನ ಮಳೆಯಲ್ಲಿ ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಕೊಚ್ಚಿಹೋಗುತ್ತವೆ. ಆಗ ವಾಲ್ಯೂಮ್ ಏರಿಸಿದರೆ ಕೂಗು ಮಾತ್ರ ಹೆಚ್ಚುತ್ತದೆ. ಮಾತಿನ ವೇಗ ಇಳಿಸಬೇಕು, ಮುಖ್ಯ ಪದಕ್ಕೆ ಮುಂಚೆ ಅರ್ಧ ಸೆಕೆಂಡು ಬಿಡಬೇಕು, ಮೈಕನ್ನು ಬಾಯಿಂದ ಎರಡು ಬೆರಳು ದೂರ, ತುಸು ಓರೆಯಾಗಿ ಹಿಡಿಯಬೇಕು. ನೇರ ಹಿಡಿದರೆ ಪ, ಬ ಬಂದಾಗಲೆಲ್ಲ ಗಾಳಿ ಬಡಿದು ಸದ್ದಾಗುತ್ತದೆ. ಹುಡುಗ ಮೈಕನ್ನು ಎದೆಯ ಹತ್ತಿರ ಹಿಡಿದಿದ್ದ. ಸಂಘಟಕರ ತಪ್ಪು ಅದಕ್ಕಿಂತ ದೊಡ್ಡದು. ಮೊದಲ ಎರಡು ಸಾಲು ಗಣ್ಯರಿಗೆಂದು ಕಾದಿಟ್ಟಿದ್ದರು, ಗಣ್ಯರು ಬರಲಿಲ್ಲ, ಬಿಳಿ ಬಟ್ಟೆ ಹೊದಿಸಿದ ಖಾಲಿ ಕುರ್ಚಿಗಳು ಸಭೆಗೂ ವೇದಿಕೆಗೂ ನಡುವೆ ಕೂತಿದ್ದವು. ಅಜ್ಜ ಕೂತಿದ್ದೂ ಮೂರನೇ ಸಾಲಿನಲ್ಲಿ. ನಗು ಪಕ್ಕದವರಿಂದ ಪಕ್ಕದವರಿಗೆ ಅಂಟುವಂಥದ್ದು. ಕುರ್ಚಿ ಬಿಡಿಬಿಡಿಯಾದರೆ, ಪಕ್ಕದವರ ನಗು ಮಳೆಯಲ್ಲಿ ಕೇಳದಿದ್ದರೆ, ಪ್ರತಿಯೊಬ್ಬರೂ ಒಬ್ಬೊಬ್ಬರೇ ನಗಬೇಕಾಗುತ್ತದೆ. ಹಾಗೆ ಯಾರೂ ನಗುವುದಿಲ್ಲ. ಮೇಲಾಗಿ ಜನರ ತಲೆಯ ಮೇಲೆ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಮಾವನ ಎದುರು ಸೊಸೆ, ಮೇಷ್ಟ್ರ ಎದುರು ಹುಡುಗರು ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು. ಆ ದೀಪಗಳನ್ನು ಆರಿಸಿ ವೇದಿಕೆಯದನ್ನು ಮಾತ್ರ ಬಿಟ್ಟಿದ್ದರೆ ಇದೇ ಜೋಕುಗಳಿಗೆ ನಗು ಹೆಚ್ಚುತ್ತಿತ್ತು.

ಆದರೂ ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಹುಡುಗ ಕೊಟ್ಟ ಉತ್ತರ. "ಅಷ್ಟೇ ಅಜ್ಜ. ಜೋಕ್ ಮುಗೀತು." ಮುಗಿದಿರಲಿಲ್ಲ. ಅಲ್ಲೇ ಶುರುವಾಗಿತ್ತು.

ಯಕ್ಷಗಾನ ನೋಡಿ ಬೆಳೆದ ಊರು ಇದು. ಅಲ್ಲಿ ಹಾಸ್ಯಗಾರ ಒಬ್ಬನೇ ನಗಿಸುವುದಿಲ್ಲ. ಅವನು ರಂಗಕ್ಕೆ ಬಂದು ಒಂದು ಮಾತು ಎಸೆದರೆ ಭಾಗವತರು ಹಿಡಿದುಕೊಂಡು, ಹೌದಾ, ಆಮೇಲೆ, ಯಾಕೆ ಹಾಗಾಯಿತು ಎಂದು ಕೆದಕುತ್ತಾರೆ. ಬರೆದಿಟ್ಟ ಮಾತಿಲ್ಲ, ಆ ಕೆದಕುವಿಕೆಯಿಂದಲೇ ಮುಂದಿನ ನಗು ಹುಟ್ಟುತ್ತದೆ. ಭಾಗವತರು ಕೇಳುವುದು ಸಭೆಯ ಪರವಾಗಿ. ಮನೆಯ ಜಗಲಿಯಲ್ಲಿ ಕಥೆ ಹೇಳುವಾಗಲೂ ಹೂಂಗುಟ್ಟುವವರೊಬ್ಬರು ಬೇಕು, ಹೂಂ ನಿಂತರೆ ಕಥೆ ನಿಲ್ಲುತ್ತದೆ. ವೇದಿಕೆಯ ಮೇಲೆ ಭಾಗವತರು ಕಾಣದ್ದರಿಂದ ಆ ಕೆಲಸವನ್ನು ಅಜ್ಜ ತಾವೇ ವಹಿಸಿಕೊಂಡರು. ಬೆಂಗಳೂರಿನಲ್ಲಿ ಕಲಿತ ಹುಡುಗನಿಗೆ ಅದು ಅಡ್ಡಬಾಯಿ ಹಾಕಿದಂತೆ ಕೇಳಿಸಿತು. ಅವನು ಬರೆದುಕೊಂಡು ಬಂದದ್ದಕ್ಕಿಂತ ಒಳ್ಳೆಯ ಸಾಲನ್ನು ಅವರು ಕೈಗಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟೇ: ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಬೇಕು, ಹಿಂದಿನ ಸಾಲಿಗೆ ಅದು ಕೇಳಿರುವುದಿಲ್ಲ. ನಗು ಏರಿ ಅರ್ಧ ಇಳಿಯುವವರೆಗೆ ಸುಮ್ಮನಿರಬೇಕು. ಆಮೇಲೆ ಉತ್ತರ ಕೊಡಬೇಕು. "ಇಲ್ಲ ಅಜ್ಜ, ಇನ್ನೂ ಗೇಟಲ್ಲೇ ಇದ್ದೆ, ಅಲ್ಲಿಂದ ಸೀದಾ ಇಲ್ಲಿಗೆ ಬಂದೆ" ಅಂದಿದ್ದರೂ ಸಾಕಿತ್ತು.

ಅದನ್ನು ಹಿಡಿದವರು ಆಮೇಲೆ ಮಾತಾಡಿದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತಮ್ಮ ಮದುವೆ ದಿಬ್ಬಣದ ವ್ಯಾನು ಘಾಟಿಯಲ್ಲಿ ಕೆಟ್ಟು ನಿಂತ ಕಥೆ ಹೇಳಿದರು. ಇಪ್ಪತ್ತು ನಿಮಿಷದ ಕೊನೆಗೆ ಮದುಮಗಳು ಮನೆ ಹೊಕ್ಕಳು, ಎಲ್ಲ ಸುಖವಾಯಿತು. ಚಪ್ಪಾಳೆ ಏಳುವ ಮುಂಚೆ ಕೈ ಎತ್ತಿ ನಿಲ್ಲಿಸಿ, ಮೂರನೇ ಸಾಲಿನ ಕಡೆ ನೋಡಿ, ಮೆಲ್ಲಗೆ ಹೇಳಿದರು: "ಅಜ್ಜಯ್ಯ, ನಾವೆಲ್ಲ ಒಳಗೆ ಹೋದ್ವಿ. ಆ ಹುಡುಗನೇ ಬಾಕಿ."

ತಗಡು ಹಾರಿಹೋಗುವ ನಗು. ಸ್ಟ್ಯಾಂಡಪ್‌ನವರು ಕಾಲ್‌ಬ್ಯಾಕ್ ಅನ್ನುವುದು ಇದಕ್ಕೇ. ಹಳೆಯ ಮಾತನ್ನು ಜನ ಅರ್ಧ ಮರೆತಿರಬೇಕು, ಪೂರ್ತಿ ಮರೆತಿರಬಾರದು. ತಂದಾಗ ವಿವರಣೆ ಕೊಡಬಾರದು. "ಆಗ ಪಿಜ್ಜಾ ಜೋಕ್ ಹೇಳಿದ್ರಲ್ಲ" ಎಂದು ಶುರು ಮಾಡಿದ್ದರೆ ಅಲ್ಲೇ ಸತ್ತುಹೋಗುತ್ತಿತ್ತು.

ನನಗೆ ಪ್ರಿಯರಾದ ಹಾಸ್ಯಗಾರರನ್ನೆಲ್ಲ ಈ ವಾರ ಅಜ್ಜನ ಪ್ರಶ್ನೆ ಹಿಡಿದೇ ನೋಡಿದೆ. ಗಂಗಾವತಿ ಪ್ರಾಣೇಶ್ ಗಡಿಬಿಡಿಯ ಮಾತಿನಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನುಗ್ಗುತ್ತಾರೆ, "ಆಮೇಲೆ" ಅನ್ನಲು ಬಿಡುವೇ ಕೊಡುವುದಿಲ್ಲ. ಅವರ ಉತ್ತರ ಕರ್ನಾಟಕದ ಮಾತು ಶಿವಮೊಗ್ಗದಲ್ಲೂ ನಗಿಸುವುದು ಪದಗಳಿಂದಲ್ಲ, ಆ ಏರಿಳಿತದೊಳಗೆ ಒಬ್ಬ ಮನುಷ್ಯ ಕಾಣುವುದರಿಂದ. ಮೈಸೂರಿನ ಪ್ರೊ. ಎಂ. ಕೃಷ್ಣೇಗೌಡರು ಮೇಷ್ಟ್ರ ಹಾಗೆ ನಿಧಾನಕ್ಕೆ ಕಟ್ಟುತ್ತಾರೆ, ಆ ನಿಧಾನದಲ್ಲಿ ನಾವೇ ಮನಸ್ಸಿನಲ್ಲಿ ಹೂಂಗುಡುತ್ತಿರುತ್ತೇವೆ. ಮಾಸ್ಟರ್ ಹಿರಣ್ಣಯ್ಯನವರು ನಾಟಕದ ನಡುವೆಯೇ ಅವತ್ತಿನ ರಾಜಕೀಯಕ್ಕೆ ಹೊರಳಿ ಸಭೆಯ ಜೊತೆ ಮಾತಿಗಿಳಿಯುತ್ತಿದ್ದರು, ನೋಡಲು ಬಂದವರು ಮಾತುಕತೆಗೆ ಬಂದವರಾಗುತ್ತಿದ್ದರು. ಇಂದೋರಿನ ಜಾಕಿರ್ ಖಾನ್ ಹಿಂದಿಯಲ್ಲಿ ಒಂದೇ ಕಥೆಯನ್ನು ಉದ್ದಕ್ಕೆ ಎಳೆಯುತ್ತಾರೆ. ನಗುವಿಲ್ಲದೆ ಒಂದೆರಡು ನಿಮಿಷ ಹೋದರೂ ಯಾರೂ ಎದ್ದು ಹೋಗುವುದಿಲ್ಲ, ಹುಡುಗನಿಗೆ ಏನಾಯಿತು ಎಂದು ತಿಳಿಯಬೇಕಲ್ಲ. ನಿಮಿಷಕ್ಕೆ ನಾಲ್ಕು ನಗು ಬರಬೇಕು ಎಂದು ಕಲಿತು ಬಂದವರು ಇದನ್ನು ನೋಡಬೇಕು. ಜನರಿಗೆ ಆ ಮನುಷ್ಯ ಬೇಕಾಗಿರುತ್ತಾನೆ, ಅವನಿಗಾಗಿ ನಗುವನ್ನು ಕಾಯುತ್ತಾರೆ. ಅಜ್ಜ ಆ ಅಪರಿಚಿತ ಹುಡುಗನಿಗಾಗಿ ಕಾದದ್ದೂ ಹಾಗೆಯೇ.

ಒಂದು ವಿಷಯಕ್ಕೆ ಆ ಹುಡುಗನನ್ನು ಮೆಚ್ಚಬೇಕು. ಊಟದ ಎಲೆ ಹಿಡಿದು ಹೋಗಿ ಅಜ್ಜನ ಪಕ್ಕದಲ್ಲೇ ಕೂತ.

"ಅಜ್ಜ, ನೀವಾಗಿದ್ರೆ ಹೆಂಗೆ ಒಳಗೆ ಹೋಗ್ತಿದ್ರಿ?"

"ಎಂತದಾ ಅದು. ಗೇಟಿನವನಿಗೆ ಒಂದು ಲೋಟ ಕಾಫಿ ಕೊಡೂದು."

"ಯಾವಾಗ? ತಡೆದ ಮೇಲಾ?"

ಅಜ್ಜ ಅನ್ನ ಕಲಸುವುದನ್ನು ನಿಲ್ಲಿಸಿದರು. "ತಡೆದ ಮೇಲೆ ಕೊಟ್ರೆ ಲಂಚ ಆಗ್ತದೆ ಮಾರಾಯ. ದಿನಾ ಕೊಡ್ಬೇಕು."

ಹುಡುಗ ಎಡಗೈಯಲ್ಲೇ ಫೋನ್ ತೆಗೆದು ಬರೆದುಕೊಂಡ.