ಐದು ಲಕ್ಷದ ಕಾರ್ಡು, ಐದು ಮಿಲಿಗ್ರಾಂ ಗುಳಿಗಿ

9 ಫೆಬ್ರವರಿ 2025, ಭಾನುವಾರ
ಪುಣೆ

ಇವತ್ತು ನಮ್ಮ ಭಾನುವಾರದ ಪುಕ್ಕಟೆ ಕ್ಲಿನಿಕ್ಕಿಗೆ ಬಂದವರಲ್ಲಿ ಸುಮಾರು ಜನಕ್ಕೆ ಕಾಯಿಲೆ ಇರಲಿಲ್ಲ, ಬರೀ ಹೆದರಿಕೆ. "ಬಾಯಾರ, ಅದೇನೋ ಕೈಕಾಲು ಸೋತು ಹೋಗೂ ಬ್ಯಾನಿ ಬಂದದಂತಲ್ರೀ, ನಮಗೂ ಬರ್ತದೇನ್ರಿ?" ಎಂದು ಒಬ್ಬರ ಹಿಂದೆ ಒಬ್ಬರು ಕೇಳಿದ್ದೇ ಕೇಳಿದ್ದು. ಹೋದ ತಿಂಗಳು ಸಿಂಹಗಡ ರಸ್ತೆಯ ಕಡೆ ಶುರುವಾದ ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್ ಅನ್ನೋ ನರಗಳ ಕಾಯಿಲೆ) ಸುದ್ದಿ ವಾಟ್ಸಾಪ್ ಹತ್ತಿ ಪುನಾವಳೆಯ ಕಟ್ಟಡ ಕಾರ್ಮಿಕರ ಪತ್ರಾ ಶೆಡ್ಡುಗಳ ತನಕ ಬಂದಿದೆ. ಬರುವಾಗ ದಾರಿಯಲ್ಲಿ ಬಣ್ಣ ಬಳಿದುಕೊಂಡೂ ಬಂದಿದೆ. ಕೋಳಿ ಮುಟ್ಟಿದರೆ ಬರುತ್ತದಂತೆ, ಪಕ್ಕ ಕೂತರೆ ಬರುತ್ತದಂತೆ.

ಡಾಕ್ಟರ್ ಬಾಯಿ, ಅಂದರೆ ನಮ್ಮ ಡಾಕ್ಟರಮ್ಮ, ಬೇಸರ ಮಾಡಿಕೊಳ್ಳದೆ ಎಲ್ಲರಿಗೂ ಅದನ್ನೇ ಹೇಳಿದರು. ಅವರು ಮರಾಠಿಯಲ್ಲಿ, ನಾನು ಕನ್ನಡದಲ್ಲಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ. ಕೆಟ್ಟ ನೀರು, ಅರೆಬೆಂದ ಕೋಳಿ ಇಂಥದರಿಂದ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಸೂಕ್ಷ್ಮಜೀವಿ ಹೊಟ್ಟೆ ಸೇರಿ ಭೇದಿ ಆಗುತ್ತದೆ. ಅದಾದ ಮೇಲೆ ಅಪರೂಪಕ್ಕೆ ಕೆಲವರಲ್ಲಿ ಮೈಯ ರಕ್ಷಣಾ ಶಕ್ತಿ ತನ್ನ ನರಗಳ ಮೇಲೆಯೇ ತಿರುಗಿ ಬೀಳುತ್ತದೆ. ಭೇದಿ ನಿಂತ ಮೇಲೆ ಕಾಲಿಗೆ ಜೋಮು ಹಿಡಿದರೆ, ಮೆಟ್ಟಿಲು ಹತ್ತಲು ಆಗದಿದ್ದರೆ ಭಾನುವಾರದ ತನಕ ನಮಗಾಗಿ ಕಾಯಬೇಡಿ, ಸೀದಾ ಪಿಂಪ್ರಿಯ ವೈಸಿಎಂ ಆಸ್ಪತ್ರೆಗೆ ಹೋಗಿ. ಪಿಂಪ್ರಿ ಚಿಂಚವಾಡ ಪಾಲಿಕೆಯ ಹದ್ದಿನಲ್ಲಿ ಇರುವವರಿಗೆ ಈ ಕಾಯಿಲೆಗೆ ಅಲ್ಲಿ ಪುಕ್ಕಟೆ ಚಿಕಿತ್ಸೆ ಎಂದು ಸರ್ಕಾರ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು. ಇದಕ್ಕೆ ಕೊಡುವ ಇಂಜೆಕ್ಷನ್ ಒಂದೊಂದಕ್ಕೂ ಸಾವಿರಾರು ರೂಪಾಯಿ.

ನೀರು ಕುದಿಸಿ ಕುಡೀರಿ ಅಂತ ಹೇಳೋದು ಸುಲಭ. ಚಿಕ್ಕ ಸಿಲಿಂಡರ್ ತುಂಬಿಸೋಕೆ ದುಡ್ಡು ಯಾರದು? ಕ್ಯಾಂಪಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ, ನೀಲಿ ಡ್ರಮ್ಮಿನಲ್ಲಿ ನಿಲ್ಲುತ್ತದೆ, ಹಿಡಿ ಮುರಿದ ಒಂದು ಮಗ್ಗು ಎಲ್ಲರ ಕೈಯಿಂದಲೂ ಅದರೊಳಗೆ ಮುಳುಗಿ ಏಳುತ್ತದೆ. ಡ್ರಮ್ಮಿಗೆ ಕ್ಲೋರಿನ್ ಹಾಕಿಸಿ ಎಂದು ಸೈಟಿನ ಸೂಪರ್‌ವೈಸರಿಗೆ ಹೇಳಿದ್ದೇವೆ. "ಹೋ, ಹೋ" ಅಂದಿದ್ದಾರೆ, ಮರಾಠಿಯಲ್ಲಿ ಹೂಂ ಅಂತ. ಆ "ಹೋ"ಗೆ ಎಷ್ಟು ತೂಕ ಅಂತ ಬರುವ ವಾರ ಗೊತ್ತಾಗುತ್ತದೆ.

ಈ ಬ್ಲಾಗಿಗೆ ಹೊಸದಾಗಿ ಬಂದವರಿಗೆ ಎರಡು ಮಾತು. ನಮ್ಮದು ದೊಡ್ಡ ಸಂಸ್ಥೆ ಏನಲ್ಲ. ಸರದಿ ಮೇಲೆ ಬರುವ ಇಬ್ಬರು ಡಾಕ್ಟರು, ಒಬ್ಬ ಫಾರ್ಮಸಿಸ್ಟ್ ಹುಡುಗ, ಲೆಕ್ಕ ಬರೆಯುವ ನಾನು, ಇನ್ನೂ ಮೂರ್ನಾಲ್ಕು ಜನ. ಭಾನುವಾರ ಬೆಳಿಗ್ಗೆ ಸೈಟಿನ ಗೋಡೌನಿನಲ್ಲಿ ಸಿಮೆಂಟ್ ಚೀಲ ಸರಿಸಿ ಮೇಜು ಹಾಕುತ್ತೇವೆ. ಬರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದ ಗವಂಡಿಗಳು, ಸೆಂಟ್ರಿಂಗ್‌ನವರು, ಬಿಗಾರಿಗಳು. ಗಂಡಸರಿಗೆ ಹಿಂದಿ ಬರುತ್ತದೆ. ವಯಸ್ಸಾದ ಹೆಂಗಸರಿಗೆ ಬರಲ್ಲ. ನಾನು ಧಾರವಾಡದವಳು, ಅವರ ಮಾತು ನನಗೆ ಹತ್ತಿರ. ಹಾಗಾಗಿ ಲೆಕ್ಕ ಬರೆಯೋಕೆ ಅಂತ ಹೋದವಳು ಈಗ ಡಾಕ್ಟರ ಪಕ್ಕದ ಸ್ಟೂಲಿನಲ್ಲಿ ಇರುತ್ತೇನೆ.

ಇವತ್ತು ಸೇಡಂ ಕಡೆಯ ಅಕ್ಕ ಮತ್ತೆ ಬಂದರು. ದಸರಾ ಹೊತ್ತಿಗೆ ಒಮ್ಮೆ ಬಂದು ಬಿಪಿ ಜಾಸ್ತಿ ಇದೆ ಅಂತ ಗೊತ್ತಾಗಿ, ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಂಡು ಹೋದವರು ಆಮೇಲೆ ಪತ್ತೆ ಇರಲಿಲ್ಲ. ಇವತ್ತು ಇಟ್ಟಿಗೆ ಹೊತ್ತು ಸೀದಾ ಬಂದು ಕೂತರು, ಬಾಯಲ್ಲಿ ತಂಬಾಕು. ನಮ್ಮ ಹುಡುಗ ಬಿಪಿ ನೋಡಲೇ ಇಲ್ಲ. ಮೊದಲು ತಂಬಾಕು ಉಗುಳಿಸಿದ. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಮಾತಾಡದೆ ಕೂರಿ ಅಂದ. ತಂಬಾಕು ಹಾಕಿ, ಓಡಿ ಬಂದು, ಮಾತಾಡುತ್ತಾ ಬಿಪಿ ನೋಡಿಸಿಕೊಂಡರೆ ಯಾರಿಗಾದರೂ ಜಾಸ್ತಿ ಬರುತ್ತದೆ. ಆಮೇಲೆ ಬಳೆ ಸರಿಸಿ, ಕುಪ್ಪಸದ ತೋಳು ಮೇಲೆ ಮಾಡಿ, ಸಣ್ಣ ಪಟ್ಟಿ ಸುತ್ತಿದ. ಬಡಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಬಿಪಿ ಕಮ್ಮಿ ತೋರಿಸುತ್ತದೆ, ದಪ್ಪ ತೋಳಿಗೆ ಸಣ್ಣದು ಸುತ್ತಿದರೆ ಜಾಸ್ತಿ. ದೊಡ್ಡ ದೊಡ್ಡ ಶಿಬಿರಗಳಲ್ಲೂ ಎಲ್ಲರಿಗೂ ಒಂದೇ ಪಟ್ಟಿ ಸುತ್ತೋದನ್ನು ನಾನು ನೋಡಿದ್ದೇನೆ. ಎರಡು ಸಲ ನೋಡಿದ. 178/106. ಆಮೇಲೆ 172/104. ಇರಬೇಕಾದ್ದು 140/90ಕ್ಕಿಂತ ಕೆಳಗೆ.

"ಗುಳಿಗಿ ಯಾಕ ಬಿಟ್ರಿ?" ಅಂದೆ.

"ಆರಾಮ ಇದ್ದೀನಲ್ರೀ. ತಲಿ ನೋವಿಲ್ಲ, ಏನಿಲ್ಲ. ಬ್ಯಾಸರಾಗಿ ಬಿಟ್ಟೆ."

ಇದು ಎಲ್ಲರೂ ಕೊಡುವ ಉತ್ತರ. ಸುಮ್ನೆ ಕಾದೆ. ಸ್ವಲ್ಪ ಹೊತ್ತಿಗೆ ನಿಜ ಬಂತು. "ಗುಳಿಗಿ ತಗೊಂಡ್ರ ಪಾದ ಬಾತವ್ರಿ. ಚಪ್ಪಲ್ ಹಿಡಿವಲ್ದು. ಮುಕದ್ದಮ ನೋಡಿದ್ರ ಮನಿಗಿ ಹೋಗು ಅಂತಾನ, ಹಾಜರಿ ಹೋಯ್ತದ." ಮುಕದ್ದಮ ಅಂದರೆ ಗ್ಯಾಂಗಿನ ಮೇಸ್ತ್ರಿ.

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಡಾಕ್ಟರಿಗೆ ಇದು ಹೊಸದಲ್ಲ, ಬೇರೆ ಮಾತ್ರೆ ಇದೆ. ಆದರೆ ಆಕೆ ಮತ್ತೆ ಬಂದು ಹೇಳಿದರೆ ತಾನೇ? ಡಾಕ್ಟರ್ ಬಾಯಿ ಟೆಲ್ಮಿಸಾರ್ಟನ್ ಬರೆಯಲು ಪೆನ್ನು ತೆಗೆದವರು ನಿಂತರು. "ಗರ್ಭಿಣಿ ಅಲ್ಲ ತಾನೇ, ಕೇಳಿ" ಅಂದರು. ಆ ಮಾತ್ರೆ ಬಸುರಿಯರಿಗೆ ಕೊಡಬಾರದು. ನಾನು ಕೇಳಿದ್ದೇ ತಡ, ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೇ ನಕ್ಕಿದ್ದು. "ಅಯ್ಯ ಶಿವನೇ! ನನ್ನ ಮಗಳು ಹಡ್ಯಾಕ ಕುಂತಾಳ್ರೀ ಊರಾಗ! ಅಕಿ ಬಾಣಂತನಕ್ಕ ಹೊಂಟೀನಿ ಬುಧವಾರ." ಸಾಲಿನಲ್ಲಿ ನಿಂತವರೂ ನಕ್ಕರು.

ನಗು ಮುಗಿದ ಮೇಲೆ ನನಗೆ ಚಿಂತೆ ಹತ್ತಿತು. ಬುಧವಾರ ಹೋದರೆ ಬರೋದು ಯಾವಾಗ?

ಅಷ್ಟರಲ್ಲಿ ಆಕೆಯ ಮೈದುನ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ನಮ್ಮಲ್ಲಿ ಕಾರ್ಡ್ ಅದರೀ, ಐದು ಲಕ್ಷದ್ದು. ಇದರ ಮ್ಯಾಲ ಗುಳಿಗಿ ಸಿಗಲ್ಲೇನ್ರಿ?"

ಸಿಗಲ್ಲ. ಅದನ್ನು ಅವರಿಗೆ ಹೇಗೆ ಹೇಳೋದು ಅಂತ ನಾನು ಪ್ರತಿ ಸಲ ತಡವರಿಸುತ್ತೇನೆ. ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್ 23ರಂದು ಶುರುವಾಯಿತು. ಒಂದು ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಕಲಬುರಗಿಯ ಕಾರ್ಡು ಪುಣೆಯಲ್ಲೂ ನಡೆಯುತ್ತದೆ, ಅದು ನಿಜಕ್ಕೂ ದೊಡ್ಡದು. ಆದರೆ ಅದು ಅಡ್ಮಿಟ್ ಆದವರಿಗೆ. ಆಸ್ಪತ್ರೆ ಸೇರುವ ಮೊದಲಿನ ಮೂರು ದಿನ, ಬಿಟ್ಟ ಮೇಲಿನ ಹದಿನೈದು ದಿನದ ಔಷಧವೂ ಅದರಲ್ಲೇ ಸೇರಿದೆ. ಚೀಟಿ ಮಾಡಿಸಿ, ತೋರಿಸಿ, ಮನೆಗೆ ಹೋಗುವ ಕಾಯಿಲೆಗೆ ಏನೂ ಇಲ್ಲ. ನಾಳೆ ಈ ಅಕ್ಕನಿಗೆ ಲಕ್ವಾ ಹೊಡೆದರೆ ಐದು ಲಕ್ಷದ ತನಕ ಖರ್ಚು ಮಾಡಲು ಸರ್ಕಾರ ತಯಾರಿದೆ. ಲಕ್ವಾ ಹೊಡೆಯದ ಹಾಗೆ ನೋಡಿಕೊಳ್ಳುವ ಐದು ಮಿಲಿಗ್ರಾಂ ಗುಳಿಗಿಗೆ ಮಾತ್ರ ಆ ಕಾರ್ಡಿನಲ್ಲಿ ಜಾಗ ಇಲ್ಲ. ಜನೌಷಧಿ ಅಂಗಡಿಯಲ್ಲಿ ಅಮ್ಲೋಡಿಪಿನ್‌ನ ಹತ್ತು ಮಾತ್ರೆಗೆ ಹತ್ತು ರೂಪಾಯಿಯೂ ಆಗಲ್ಲ!

ವಿಮೆ ಇಲ್ಲದವರು ಅಂತ ನಾವು ಸಲೀಸಾಗಿ ಅಂದುಬಿಡುತ್ತೇವೆ. ಇವರ ಹತ್ತಿರ ಕಾಗದಗಳಿಗೆ ಕಮ್ಮಿ ಇಲ್ಲ, ಯಾವುದೂ ಇಲ್ಲಿಗೆ, ಈ ಹೊತ್ತಿಗೆ ಒಗ್ಗಲ್ಲ ಅಷ್ಟೇ. ಮಹಾರಾಷ್ಟ್ರದ ಮಹಾತ್ಮ ಫುಲೆ ಆರೋಗ್ಯ ಯೋಜನೆಗೆ ಇಲ್ಲಿನ ರೇಷನ್ ಕಾರ್ಡು ಅಥವಾ ಇಲ್ಲಿಯವರೇ ಅನ್ನುವ ದಾಖಲೆ ಬೇಕು, ಇವರ ರೇಷನ್ ಕಾರ್ಡು ಊರಲ್ಲಿ. ಕಟ್ಟಡ ಕಾರ್ಮಿಕರಿಗೆ ಅಂತಲೇ 1996ರಲ್ಲಿ ಕಾಯ್ದೆ ಬಂತು. ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಆ ಕಾಗದಕ್ಕೆ ಸಹಿ ಹಾಕಿ ಅಂದರೆ ಕಂತ್ರಾಟದಾರ ಫೋನ್ ಎತ್ತಲ್ಲ. ಧರ್ಮಾದಾಯ ಆಸ್ಪತ್ರೆಗಳದ್ದು ಇನ್ನೊಂದು ಕಥೆ. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆಯ ಪ್ರಕಾರ ಟ್ರಸ್ಟ್ ಆಸ್ಪತ್ರೆಗಳು ನೂರರಲ್ಲಿ ಹತ್ತು ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನು ಹತ್ತು ರಿಯಾಯಿತಿಯಲ್ಲಿ ಕೊಡಬೇಕು. ಒಟ್ಟು ಬಿಲ್ಲಿನ ಶೇಕಡಾ 2 ಬಡರೋಗಿಗಳ ನಿಧಿಗೆ ಹಾಕಬೇಕು. ತುರ್ತು ಇದ್ದಾಗ ಡಿಪಾಸಿಟ್ ಕೇಳುವ ಹಾಗಿಲ್ಲ. ಹೋದ ವರ್ಷ ನಮ್ಮ ಪೇಷಂಟ್ ಒಬ್ಬರನ್ನು ಅಂಥ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕೌಂಟರಿನವರು ಕೇಳಿದ ಮೊದಲ ಮಾತೇ ಡಿಪಾಸಿಟ್. ಅಲ್ಲಿನ ಸಮಾಜ ಸೇವಕರನ್ನು ಹುಡುಕಿ, "41ಎಎ ಕಲಂ" (ಟ್ರಸ್ಟ್ ಕಾಯ್ದೆಯಲ್ಲಿ ಈ ಬಡವರ ಹಾಸಿಗೆಗೆ ಆಧಾರವಾದ ಕಲಂ) ಅಂದ ಮೇಲೆ ದನಿ ಬದಲಾಯಿತು. ಓದುವವರಲ್ಲಿ ಯಾರಿಗಾದರೂ ಇಂಥ ಹೊತ್ತು ಬಂದರೆ ಕೌಂಟರಿನಲ್ಲಿ ಜಗಳ ಆಡಬೇಡಿ, ಮೆಡಿಕಲ್ ಸೋಷಿಯಲ್ ವರ್ಕರ್ ಎಲ್ಲಿದ್ದಾರೆ ಅಂತ ಕೇಳಿ.

ಇಷ್ಟೆಲ್ಲ ಅಡ್ಡಾಡಿದ ಮೇಲೆ ನನಗೆ ಅನಿಸಿದ್ದು ಇದು. ಪುಕ್ಕಟೆ ಕ್ಲಿನಿಕ್ಕಿಗೆ ಡಾಕ್ಟರು ಸಿಗೋದು ಕಷ್ಟ ಅಲ್ಲ, ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಇದ್ದಾರೆ. ಪೇಷಂಟನ್ನು ಎರಡನೇ ಸಲ ಕರೆಸೋದು ಕಷ್ಟ. ಸ್ಲ್ಯಾಬ್ ಮುಗಿಯಿತು ಅಂದರೆ ಗ್ಯಾಂಗು ರಾವೇತಕ್ಕೆ ಹೋಗುತ್ತದೆ, ಚಾಕಣಕ್ಕೆ ಹೋಗುತ್ತದೆ. ಸಿಮ್ ಬದಲಾಗುತ್ತದೆ. ಮುಕದ್ದಮನ ನಂಬರು ಮಾತ್ರ ಬದಲಾಗಲ್ಲ. ಅದಕ್ಕೇ ನಮ್ಮ ರಿಜಿಸ್ಟರಿನಲ್ಲಿ ಪೇಷಂಟ್ ನಂಬರಿನ ಪಕ್ಕ ಮುಕದ್ದಮನ ನಂಬರಿಗೂ ಒಂದು ಕಾಲಂ ಇದೆ. ಯಾವ ಕಾಯಿಲೆ ಅಂತ ಅವನಿಗೆ ಹೇಳಲ್ಲ, "ಅಕ್ಕನ್ನ ಭಾನುವಾರ ಕಳಿಸ್ರಿ" ಅಂತೇವೆ ಅಷ್ಟೇ.

ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ, ಹತ್ತು ರೂಪಾಯಿ ಆದರೂ ತಗೊಳ್ಳಿ ಅಂತ ಬುದ್ಧಿ ಹೇಳುವವರು ತಿಂಗಳಿಗೊಬ್ಬರು ಸಿಗುತ್ತಾರೆ. ಸಂತೆಯ ದಿನ ಎರಡು ತಾಸು ಸಾಲಲ್ಲಿ ನಿಲ್ಲೋದು ಬೆಲೆ ಅಲ್ವಾ? ಅವರಿಗೆ ಸೂಜಿ ಬೇಕಾಗಿರುತ್ತದೆ, ನಾವು ಸೂಜಿ ಮಾಡಲ್ಲ. ದುಡ್ಡು ಕೊಟ್ಟರೆ ಸೂಜಿ ಮಾಡಿ ಸಲೈನ್ ಹಚ್ಚುವವರು ರಸ್ತೆಯ ಆಚೆಗೇ ಇದ್ದಾರೆ. ಹತ್ತು ರೂಪಾಯಿ ಇಟ್ಟರೆ ಮೊದಲು ತಪ್ಪಿಸಿಕೊಳ್ಳೋದು ಈ ಬಿಪಿ, ಸಕ್ಕರೆಯವರೇ. ನೋವಿಲ್ಲವಲ್ಲ.

ಔಷಧ ದಾನದ ಬಗ್ಗೆಯೂ ಹೇಳಿಬಿಡುತ್ತೇನೆ. ಬಾಣೇರ ಕಡೆಯ ಸೊಸೈಟಿಯವರು ಒಂದು ಚೀಲ ಕಳಿಸಿದ್ದರು. ಪ್ರೀತಿಯಿಂದ ಕೊಟ್ಟದ್ದು, ಇಲ್ಲ ಅನ್ನಲ್ಲ. ತೆರೆದರೆ ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು. ಎಕ್ಸ್‌ಪೈರಿ ತಾರೀಕು ಇರುವ ತುದಿಯೇ ಕತ್ತರಿಸಿ ಹೋಗಿದೆ. ಮಕ್ಕಳ ವಿಟಮಿನ್ ಜೆಲ್ಲಿ, ಬಾಯಿ ತೆರೆದ ಕೆಮ್ಮಿನ ಸಿರಪ್, ಯಾರದ್ದೋ ಥೈರಾಯ್ಡ್ ಮಾತ್ರೆ. ತಾರೀಕು, ಬ್ಯಾಚ್ ಕಾಣದ್ದನ್ನು ನಮ್ಮ ಹುಡುಗ ಮುಟ್ಟಲ್ಲ. ಚೀಲದಲ್ಲಿ ಉಪಯೋಗಕ್ಕೆ ಬಂದದ್ದು ಒಂದು ಬೊಗಸೆ. ದಯವಿಟ್ಟು ಮನೆಯ ಉಳಿದ ಮಾತ್ರೆ ಬೇಡ. ನಮಗೆ ಬೇಕಾದ್ದು ಸಕ್ಕರೆ ನೋಡುವ ಸ್ಟ್ರಿಪ್. ಅದೊಂದರ ಬೆಲೆ ಒಂದು ವಾರದ ಬಿಪಿ ಮಾತ್ರೆಗಿಂತ ಜಾಸ್ತಿ, ಡಬ್ಬಿ ತೆರೆದ ಮೇಲೆ ಬಹಳ ಕಾಲ ಇಡುವ ಹಾಗೂ ಇಲ್ಲ.

ಸೇಡಂ ಅಕ್ಕನಿಗೆ ಎರಡು ತಿಂಗಳ ಮಾತ್ರೆ ಕಟ್ಟಿಕೊಟ್ಟೆವು. ಸಾಮಾನ್ಯವಾಗಿ ಒಂದೇ ತಿಂಗಳದ್ದು ಕೊಡೋದು. ಡಾಕ್ಟರ್ ಬಾಯಿ ಇಂಗ್ಲಿಷಿನಲ್ಲಿ ಬರೆದ ಚೀಟಿಯ ಹಿಂದೆ ನಾನು ಕನ್ನಡದಲ್ಲಿ ದೊಡ್ಡದಾಗಿ ಬರೆದೆ: ಬಿಪಿ ಎಷ್ಟು, ಯಾವ ಮಾತ್ರೆಗೆ ಪಾದ ಊದಿತು, ಈಗ ಯಾವುದು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಪುಕ್ಕಟೆ ಸಿಗುತ್ತದೆ. "ಮಗಳಿಗೆ ಆಶಾ ಕಾರ್ಯಕರ್ತೆ ಬರ್ತಾರಲ್ರೀ, ಕೂಸಿನ್ನ ನೋಡಾಕ? ಅವರಿಗೆ ಈ ಚೀಟಿ ತೋರಿಸ್ರಿ" ಅಂದೆ. ಇದು ಆಕೆಗೆ ಹಿಡಿಸಿತು. ದವಾಖಾನೆಗೆ ತಾನಾಗಿ ಹೋಗುವವರಲ್ಲ, ಮನೆಗೆ ಬಂದವರಿಗೆ ಚಾ ಕೊಟ್ಟು ಮಾತಾಡಿಸುವವರು. ಚೀಟಿಯನ್ನು ಮೈದುನನ ಐದು ಲಕ್ಷದ ಕಾರ್ಡಿನ ಕವರಿನೊಳಗೇ ಹಾಕಿಸಿದೆ. ಅದನ್ನಂತೂ ಕಳೆಯಲ್ಲ.

ಸಂಜೆ ಹೋಟೆಲ್ ಇಟ್ಟುಕೊಂಡಿರುವ ನಮ್ಮ ಕನ್ನಡ ಬಂಧು ಒಬ್ಬರು ಫೋನ್ ಮಾಡಿದ್ದರು. 26ಕ್ಕೆ ಶಿವರಾತ್ರಿ, ಒಂದು ಮೆಗಾ ಶಿಬಿರ ಮಾಡೋಣ, ಪೆಂಡಾಲು, ಊಟ ಎಲ್ಲ ನನ್ನದು, ಸಾವಿರ ಜನಕ್ಕೆ ಬಿಪಿ ಶುಗರ್ ಚೆಕ್ ಅಂದರು. ಮನುಷ್ಯ ಒಳ್ಳೆಯವರು, ಲಾಕ್‌ಡೌನಿನಲ್ಲಿ ಇದೇ ಕ್ಯಾಂಪಿಗೆ ಅನ್ನ ಕಳಿಸಿದವರು. ಅದಕ್ಕೇ ನೇರವಾಗಿ ಹೇಳಿದೆ: "ಅಣ್ಣಾ, ಸಾವಿರ ಜನಕ್ಕೆ ನಿಮಗೆ ಬಿಪಿ ಇದೆ ಅಂತ ಹೇಳಿ ಪೆಂಡಾಲು ಬಿಚ್ಚಿದರೆ ಏನು ಬಂತು? ಪೆಂಡಾಲಿನ ದುಡ್ಡಲ್ಲಿ ಈಗ ಇರುವವರಿಗೆ ಒಂದು ವರ್ಷದ ಗುಳಿಗಿ ಬರ್ತದೆ."

"ಅದು ಸರಿ ಮೇಡಮ್ಮೋರೇ. ಗುಳಿಗಿಗೆ ಬ್ಯಾನರ್ ಎಲ್ಲಿ ಕಟ್ಟೋದು?"

ಇಬ್ಬರೂ ನಕ್ಕೆವು. ಲೆಕ್ಕ ಬರೆದು ಕಳಿಸಿ, ನೋಡೋಣ ಅಂದಿದ್ದಾರೆ. ಈಗಷ್ಟೇ ಕಳಿಸಿದೆ: ಟೆಲ್ಮಿಸಾರ್ಟನ್ ಇಷ್ಟು, ಅಮ್ಲೋಡಿಪಿನ್ ಇಷ್ಟು, ಮೆಟ್‌ಫಾರ್ಮಿನ್ ಇಷ್ಟು, ಸ್ಟ್ರಿಪ್ಪಿನ ಡಬ್ಬಿ ಇಷ್ಟು, ಹಿಡಿ ಇರುವ ಮಗ್ಗು ಹತ್ತು. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಇನ್ನೂ ಇಲ್ಲ.