ಊರೂರು ಅಲೆದ ಶಾಲೆ

ಗದಗ ಅಂದರೆ ತ್ರಿಕೂಟೇಶ್ವರ, ವೀರನಾರಾಯಣ, ಮತ್ತೆ ಮಿರ್ಚಿ. ಮೂರನ್ನೂ ಮೊದಲ ದಿನವೇ ಮುಗಿಸಿದೆ. ಸರಸ್ವತಿ ಗುಡಿಯ ಕಂಬಗಳ ಕೆತ್ತನೆ ಸೊಗಸು. ಆದರೆ ಸೆಲ್ಫಿಯವರು ಸರಿದರೆ ತಾನೇ ಕಂಬ ಕಾಣೋದು! ಮಿರ್ಚಿಗೆ ಮಾತ್ರ ಎದುರಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ವೀರೇಶ್ವರ ಪುಣ್ಯಾಶ್ರಮ, ಕುರುಡು ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸುವ ಶಾಲೆ. ಲಾಡ್ಜಿನ ಕೌಂಟರಿನಲ್ಲಿದ್ದವರು "ಮಧ್ಯಾಹ್ನ ಹೋಗ್ರಿ, ಆರಾಮ ನೋಡಬಹುದು" ಅಂದರು. ಹೋದರೆ ಎಲ್ಲರೂ ಉಂಡು ಒರಗಿದ ಹೊತ್ತು, ಒಂದು ಸ್ವರವೂ ಇಲ್ಲ. ಉರಿಬಿಸಿಲು, ಆಟೋ ದುಡ್ಡು ದಂಡ. ಸಂಗೀತ ಕೇಳಬೇಕಿದ್ದರೆ ಬೆಳಿಗ್ಗೆ ಬೇಗ ಹೋಗಿ.

ಮರುದಿನ ಬೆಳಿಗ್ಗೆ ಹೋದೆ. ಒಂದು ಕಡೆ ತಬಲಾ, ಇನ್ನೊಂದು ಕಡೆ ಹಾರ್ಮೋನಿಯಂ, ಎಲ್ಲಿಂದಲೋ ಪಿಟೀಲು. ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು.

ಈ ಶಾಲೆ ಶುರುವಾದದ್ದು 1914ರಲ್ಲಿ. ಗದಗಿಗೆ ಬಂದು ನೆಲೆ ನಿಂತದ್ದು 1942ರಲ್ಲಿ. ನಡುವಿನ ಅಷ್ಟೂ ವರ್ಷ ಅದಕ್ಕೆ ತನ್ನದು ಅಂತ ಒಂದು ಸೂರಿರಲಿಲ್ಲ. ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಯಾವ ಊರು ಅನ್ನ ಹಾಕಿತೋ ಅಲ್ಲೇ ಪಾಠ. ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರಿಗೂ ಕಣ್ಣಿಲ್ಲ, ಅಣ್ಣನಿಗೂ ಕಣ್ಣಿಲ್ಲ. ಹುಡುಗರ ಹಾಡು ಕೇಳಿದ ಹಾನಗಲ್ ಕುಮಾರಸ್ವಾಮಿಗಳು ಸಂಗೀತ ಕಲಿಸುವ ಹೊಣೆ ಹೊತ್ತರು. ಮುಂದೆ ಗವಾಯಿಗಳು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತು, ಕುರುಡು ಮಕ್ಕಳಿಗೂ ಬಡ ಮಕ್ಕಳಿಗೂ ಜಾತಿ ಕೇಳದೆ ಕಲಿಸಿದರು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಇವರ ಶಿಷ್ಯರೇ. ಗದಗಿನಲ್ಲಿ ಸೂರು ಸಿಕ್ಕ ಎರಡೇ ವರ್ಷಕ್ಕೆ, 1944ರಲ್ಲಿ, ಗವಾಯಿಗಳು ತೀರಿಕೊಂಡರು. ಇದು ನನಗೆ ತುಂಬಾ ಕಾಡಿತು. ಆಮೇಲೆ ಆಶ್ರಮವನ್ನು 2010ರವರೆಗೂ ನಡೆಸಿದವರು ಶಿಷ್ಯ ಪುಟ್ಟರಾಜ ಗವಾಯಿಗಳು. ಚಿಕ್ಕವರಿದ್ದಾಗಲೇ ಕಣ್ಣು ಕಳೆದುಕೊಂಡವರು. ಭಗವದ್ಗೀತೆಯನ್ನು ಬ್ರೈಲ್‌ಗೆ ಇಳಿಸಿದವರು.

ಜಗಲಿ ಮೇಲೆ ಕಣ್ಣು ಕಾಣದ ಹುಡುಗನೊಬ್ಬ ತಬಲಾ ಶ್ರುತಿ ಮಾಡುತ್ತಿದ್ದ. ಹದಿನೈದರ ಆಸುಪಾಸು. ಪಕ್ಕದಲ್ಲಿ ಕೂತು, ಹಳೇ ಕಟ್ಟಡ ಯಾವುದಪ್ಪಾ ಅಂದೆ.

"ಕಟ್ಟಡ ನೋಡಾಕ ಬಂದೀರೇನ್ರಿ?" ಅಂದು ನಕ್ಕ.

"ನಿಂಗೆ ಯಾವ ಕೋಣೆ ಅಂತ ಹೆಂಗೆ ಗೊತ್ತಾಗುತ್ತೆ?"

"ದನಿ ಮ್ಯಾಲ ಗೊತ್ತಾಗ್ತೈತ್ರಿ. ಒಂದು ಖೋಲ್ಯಾಗ ದನಿ ನಿಲ್ತೈತಿ, ಇನ್ನೊಂದರಾಗ ಓಡಿ ಹೋಗ್ತೈತಿ. ನಿಲ್ಲೋ ಖೋಲ್ಯಾಗ ತಬಲಾ ಬಾರಿಸಬಾರದ್ರಿ, ಪೆಟ್ಟು ಒಂದರ ಮ್ಯಾಲ ಒಂದು ಬೀಳ್ತಾವ."

ಇಷ್ಟು ದಿನ ಗುಡಿ, ವಾಡೆ, ಶಾಲೆ ಅಂತ ಎಷ್ಟೋ ಕಟ್ಟಡಗಳ ಬಗ್ಗೆ ಬರೆದಿದ್ದೇನೆ. ಅವು ಹೇಗೆ ಕೇಳಿಸುತ್ತವೆ ಅಂತ ಒಂದರ ಬಗ್ಗೆಯೂ ಬರೆದಿಲ್ಲ.

"ಪಂಚಾಕ್ಷರಿ ಅಜ್ಜಾರು ಊರೂರು ತಿರುಗ್ಯಾಡಿ ಕಲಿಸ್ಯಾರಂತಲ್ಲ, ಕೇಳಿದೀಯಾ?"

"ಕೇಳೀನ್ರಿ. ಗಿಡದ ಕೆಳಗ, ಗುಡಿಯೊಳಗ, ಎಲ್ಲಿ ಬೇಕಾದಲ್ಲಿ ಕುಂತು ಕಲಿಸ್ಯಾರಂತ." ತಬಲಾದ ಅಂಚಿಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟ. ಕಿವಿ ಹತ್ತಿರ ತಂದ. ಒಪ್ಪಿಗೆಯಾಗಲಿಲ್ಲ, ಮತ್ತೊಂದು ಪೆಟ್ಟು.

ಮುಂದೆ ಏನಾಗ್ತೀಯಾ ಅಂದೆ.

"ಸಂಗೀತ ಮಾಸ್ತರ ಆಗ್ತೀನ್ರಿ. ನಮ್ಮೂರಾಗ ಸಾಲಿ ತೆಗೀಬೇಕು."

"ಜಾಗ ಐತೇನು?"

"ಹುಡುಗ್ರು ಬರಲಿ ಮೊದ್ಲ. ಖೋಲಿ ಆಮ್ಯಾಲ ನೋಡಿದ್ರಾತು."